ವಿಮಾನದ ಮೈಲುಗಳು: ಗಳಿಸುವ ಮೊದಲು ಖರ್ಚಿನ ದಾರಿ ಗೊತ್ತುಮಾಡಿಕೊಳ್ಳಿ

ನಾಲ್ಕಾರು ಸಲ ವಿದೇಶಕ್ಕೆ ಹೋಗಿಬಂದವರ ಇಮೇಲ್ ಪೆಟ್ಟಿಗೆಯನ್ನು ಜಾಲಾಡಿದರೆ ಮೂರೋ ನಾಲ್ಕೋ ವಿಮಾನಯಾನ ಸಂಸ್ಥೆಗಳ ಸದಸ್ಯತ್ವ ಸಂಖ್ಯೆಗಳು ಸಿಕ್ಕೇ ಸಿಗುತ್ತವೆ. ಹಾರಿದ್ದಕ್ಕೆ ಪ್ರತಿಯಾಗಿ ಸಂಸ್ಥೆ ಕೊಡುವ, ಮುಂದೆ ಟಿಕೆಟ್ಟಿಗೆ ಬಳಸಬಹುದಾದ ಮೈಲು ಎಂಬ ಅಂಕಗಳು ಒಂದರಲ್ಲಿ 9,000, ಇನ್ನೊಂದರಲ್ಲಿ 6,000, ಮತ್ತೊಂದರಲ್ಲಿದ್ದ 11,000 ಮೈಲು ಅವಧಿ ಮುಗಿದು ಅಳಿಸಿಹೋಗಿರುತ್ತದೆ. ಎಲ್ಲವನ್ನೂ ಕೂಡಿಸಿದ್ದರೆ ಒಂದು ಟಿಕೆಟ್ಟಿಗೆ ಆಗುತ್ತಿತ್ತು; ಆದರೆ ಒಂದು ಸಂಸ್ಥೆಯ ಮೈಲನ್ನು ಇನ್ನೊಂದರ ಮೈಲಿನೊಂದಿಗೆ ಕೂಡಿಸಲು ಸಾಮಾನ್ಯವಾಗಿ ಬರುವುದಿಲ್ಲ. ಹನಿಗೂಡಿದರೆ ಹಳ್ಳ ಎನ್ನುತ್ತೇವೆ, ಆದರೆ ಹನಿಗಳೆಲ್ಲ ಬೇರೆ ಬೇರೆ ಕಡೆ ಬಿದ್ದರೆ ಹಳ್ಳವಾಗುವುದಾದರೂ ಹೇಗೆ? ಆದ್ದರಿಂದ ಈ ಲೇಖನ ಗಳಿಕೆಯಿಂದ ಆರಂಭವಾಗುವುದಿಲ್ಲ. ಎಲ್ಲಿ ಖರ್ಚು ಮಾಡಬೇಕು ಎಂಬುದನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವುದೇ ಸರಿಯಾದ ಕ್ರಮವೆಂದು ನಾನು ಕಂಡುಕೊಂಡಿದ್ದೇನೆ.

ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ಅಡ್ವಾಂಟೇಜ್ ಎಂಬ ಯೋಜನೆಯನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆಯೂ ತನ್ನದೊಂದನ್ನು ತಂದಿತು. ಹಾರಿದ ಪ್ರತಿ ಮೈಲಿಗೂ ಖಾತೆಗೆ ಒಂದು ಮೈಲು ಜಮಾ ಆಗುವ ಸರಳ ಲೆಕ್ಕ ಅಂದಿನದು. ಇಂದು ಹೆಸರು ಮಾತ್ರ ಮೈಲು. ವಾಸ್ತವದಲ್ಲಿ ಅದು ಸಂಸ್ಥೆಯೇ ಅಚ್ಚುಹಾಕುವ, ಸಂಸ್ಥೆಯೇ ಬೆಲೆ ನಿಗದಿಪಡಿಸುವ, ಸಂಸ್ಥೆ ಮನಸ್ಸು ಮಾಡಿದಾಗ ಬೆಲೆ ಇಳಿಸಬಹುದಾದ ಒಂದು ಬಗೆಯ ಹಣ. ಇದಕ್ಕೆ ಬಡ್ಡಿ ಇಲ್ಲ, ಸವಕಳಿ ಮಾತ್ರ ಉಂಟು. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಹೆಜ್ಜೆಗಳ ಹಿಂದಿರುವ ಕಾರಣ ತಾನಾಗಿ ತಿಳಿಯುತ್ತದೆ.

ಮೊದಲು ಊರು, ಆಮೇಲೆ ಸದಸ್ಯತ್ವ

ಮುಂದಿನ ಎರಡು ವರ್ಷಗಳಲ್ಲಿ ಮೈಲುಗಳ ಮೇಲೆ ಮಾಡಬೇಕೆಂದಿರುವ ಒಂದೇ ಒಂದು ಪ್ರಯಾಣವನ್ನು ಕಾಗದದ ಮೇಲೆ ಬರೆದುಕೊಳ್ಳಿ: ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಯಾವ ತಿಂಗಳು, ಎಕಾನಮಿಯೋ ಬಿಸಿನೆಸ್ ಕ್ಲಾಸೋ. ಅನಂತರ ಆ ದಾರಿಯಲ್ಲಿ ಹಾರುವ ಸಂಸ್ಥೆಗಳು ಯಾವ ಮೈತ್ರಿಕೂಟಕ್ಕೆ ಸೇರಿವೆ ಎಂದು ನೋಡಿ. ಮುಖ್ಯವಾದವು ಮೂರು. 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್‌ನಲ್ಲಿ ಲುಫ್ತಾನ್ಸಾ, ಯುನೈಟೆಡ್, ಏರ್ ಕೆನಡಾ, ಸಿಂಗಾಪುರ್ ಏರ್‌ಲೈನ್ಸ್, ಏರ್ ಇಂಡಿಯಾ ಮೊದಲಾದವು ಇವೆ. 1999ರ ಒನ್‌ವರ್ಲ್ಡ್‌ನಲ್ಲಿ ಬ್ರಿಟಿಷ್ ಏರ್‌ವೇಸ್, ಅಮೆರಿಕನ್, ಕ್ಯಾಥೆ ಪೆಸಿಫಿಕ್, ಕ್ವಾಂಟಾಸ್, ಕತಾರ್ ಏರ್‌ವೇಸ್ ಇವೆ. 2000ದ ಸ್ಕೈಟೀಮ್‌ನಲ್ಲಿ ಏರ್ ಫ್ರಾನ್ಸ್, ಕೆಎಲ್‌ಎಂ, ಡೆಲ್ಟಾ, ಕೊರಿಯನ್ ಏರ್ ಇವೆ. ಎಮಿರೇಟ್ಸ್ ಮತ್ತು ಎತಿಹಾದ್ ಯಾವ ಕೂಟಕ್ಕೂ ಸೇರದೆ, ತಮಗೆ ಬೇಕಾದ ಸಂಸ್ಥೆಗಳೊಂದಿಗೆ ಬಿಡಿ ಒಪ್ಪಂದಗಳನ್ನು ಮಾಡಿಕೊಂಡಿವೆ.

ಒಂದು ಸಂಸ್ಥೆಯ ವಿಮಾನದಲ್ಲಿ ಹಾರಿದ ಮಾತ್ರಕ್ಕೆ ಅದೇ ಸಂಸ್ಥೆಯ ಖಾತೆಗೆ ಮೈಲು ಹಾಕಿಸಬೇಕೆಂದೇನೂ ಇಲ್ಲ. ಲುಫ್ತಾನ್ಸಾದಲ್ಲಿ ಹಾರಿ ಏರ್ ಕೆನಡಾದ ಏರೋಪ್ಲಾನ್ ಖಾತೆಗೆ ಜಮಾ ಮಾಡಿಸಬಹುದು, ಅಲ್ಲಿ ಕೂಡಿದ್ದನ್ನು ಸ್ವಿಸ್ ವಿಮಾನದಲ್ಲಿ ಖರ್ಚು ಮಾಡಬಹುದು. ನೀವು ಹಾರುವ ಸಂಸ್ಥೆ ಬೇರೆ, ಮೈಲು ಕೂಡಿಡುವ ಯೋಜನೆ ಬೇರೆ ಎಂಬುದು ಅರ್ಥವಾದರೆ ಈ ವಿದ್ಯೆಯ ಅರ್ಧ ಭಾಗ ಕೈಗೆ ಬಂದಂತೆ. ಒಂದು ಕೂಟದಿಂದ ಒಂದು ಯೋಜನೆಯನ್ನಷ್ಟೇ ಆರಿಸಿ, ಮೊದಲ ಟಿಕೆಟ್ ಪಡೆಯುವವರೆಗೆ ಎಲ್ಲವನ್ನೂ ಅಲ್ಲಿಗೇ ಹರಿಸಿ. ಕೂಟಗಳು ಶಾಶ್ವತವಲ್ಲ ಎಂಬುದೂ ಗೊತ್ತಿರಲಿ: ಸ್ಟಾರ್ ಅಲಯನ್ಸ್‌ನ ಸ್ಥಾಪಕ ಸದಸ್ಯರಲ್ಲಿ ಒಂದಾಗಿದ್ದ ಸ್ಕ್ಯಾಂಡಿನೇವಿಯನ್ ಸಂಸ್ಥೆ ಎಸ್‌ಎಎಸ್, 2024ರ ಸೆಪ್ಟೆಂಬರ್ 1ರಂದು ಸ್ಕೈಟೀಮ್‌ಗೆ ಹೊರಟುಹೋಯಿತು.

ಯೋಜನೆ ಆರಿಸುವಾಗ ಮೈಲುಗಳ ಆಯುಸ್ಸನ್ನು ತಪ್ಪದೆ ವಿಚಾರಿಸಿ. ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲುಗಳು ಗಳಿಸಿದ 36 ತಿಂಗಳಿಗೆ ಮುಗಿಯುತ್ತವೆ. ನಡುವೆ ಎಷ್ಟು ಹಾರಿದರೂ ಹಳೆಯ ಮೈಲುಗಳ ಆಯುಸ್ಸು ಹೆಚ್ಚುವುದಿಲ್ಲ. ಬ್ರಿಟಿಷ್ ಏರ್‌ವೇಸ್‌ನ ಏವಿಯೋಸ್ ಎಂಬ ಮೈಲುಗಳಿಗೂ 36 ತಿಂಗಳೇ, ಆದರೆ ಅಷ್ಟರೊಳಗೆ ಖಾತೆಯಲ್ಲಿ ಏನಾದರೊಂದು ಚಟುವಟಿಕೆ ನಡೆದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಯುನೈಟೆಡ್ ಮತ್ತು ಡೆಲ್ಟಾ ಮೈಲುಗಳಿಗೆ ಅವಧಿಯೇ ಇಲ್ಲ. ಎರಡು ವರ್ಷಕ್ಕೊಮ್ಮೆ ಮಾತ್ರ ಹಾರುವವರಿಗೆ ಮೊದಲ ಬಗೆಯ ಯೋಜನೆ ಅಪಾಯಕಾರಿ, ಅದರ ಸೇವೆ ಎಷ್ಟೇ ಹೆಸರುವಾಸಿಯಾಗಿರಲಿ.

ಖಾತೆ ತೆರೆಯುವುದು ಐದು ನಿಮಿಷದ ಕೆಲಸ, ಅದಕ್ಕೆ ಹಣವೂ ಬೇಕಿಲ್ಲ. ಹೆಸರನ್ನು ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ, ಅದೇ ಕ್ರಮದಲ್ಲಿ ಬರೆಯಿರಿ. ಟಿಕೆಟ್ಟಿನಲ್ಲೊಂದು ಹೆಸರು, ಖಾತೆಯಲ್ಲೊಂದು ಹೆಸರು ಇದ್ದರೆ ಮೈಲು ಜಮಾ ಆಗದೆ ಅತಂತ್ರವಾಗುತ್ತದೆ. ಇನಿಷಿಯಲ್ ಬಳಸುವ ನಮ್ಮಂಥವರಿಗೆ ಈ ತೊಡಕು ಎದುರಾಗುವುದು ಹೆಚ್ಚು.

ಟಿಕೆಟ್ಟಿನ ಮೇಲಿನ ಒಂದು ಅಕ್ಷರ

ಹಾರಾಟದಿಂದ ಎಷ್ಟು ಮೈಲು ಬರುತ್ತದೆ ಎಂಬುದಕ್ಕೆ ಈಗ ಎರಡು ಲೆಕ್ಕಗಳಿವೆ. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ ದೂರದ ಲೆಕ್ಕವನ್ನು ಕೈಬಿಟ್ಟು, ಟಿಕೆಟ್ಟಿಗೆ ಕೊಟ್ಟ ಹಣದ ಮೇಲೆ ಮೈಲು ಕೊಡುವ ಪದ್ಧತಿಗೆ ಬಂದವು. ಇನ್ನೂ ಹಲವು ಸಂಸ್ಥೆಗಳು ಅದೇ ಹಾದಿ ಹಿಡಿದವು. ಆದರೆ ಪಾಲುದಾರ ಸಂಸ್ಥೆಗಳ ವಿಮಾನದಲ್ಲಿ ಹಾರಿದಾಗ ಬಹಳಷ್ಟು ಯೋಜನೆಗಳಲ್ಲಿ ಹಳೆಯ ದೂರದ ಲೆಕ್ಕವೇ ಉಳಿದಿದೆ. ಅಲ್ಲಿ ನಿರ್ಣಾಯಕವಾಗುವುದು ಬುಕಿಂಗ್ ಕ್ಲಾಸ್ ಎಂಬ ಒಂದೇ ಅಕ್ಷರ.

ನಿಮ್ಮ ಇ-ಟಿಕೆಟ್ ತೆರೆದು ನೋಡಿ. ವಿಮಾನದ ಸಂಖ್ಯೆಯ ಆಸುಪಾಸಿನಲ್ಲಿ ವೈ, ಎಂ, ಕೆ, ಜೆ ಎಂಬಂಥ ಒಂಟಿ ಅಕ್ಷರವೊಂದು ಇರುತ್ತದೆ. ವೈ ಎಂದರೆ ಸಾಮಾನ್ಯವಾಗಿ ಪೂರ್ಣ ದರದ ಎಕಾನಮಿ, ಜೆ ಎಂದರೆ ಪೂರ್ಣ ದರದ ಬಿಸಿನೆಸ್. ಉಳಿದ ಅಕ್ಷರಗಳು ಬೇರೆ ಬೇರೆ ಪ್ರಮಾಣದ ರಿಯಾಯಿತಿ ದರಗಳು. ಪಕ್ಕಪಕ್ಕದ ಎರಡು ಸೀಟುಗಳಲ್ಲಿ ಕುಳಿತು ಅದೇ ಊಟ ಮಾಡುವ ಇಬ್ಬರು ಪ್ರಯಾಣಿಕರ ಅಕ್ಷರಗಳು ಬೇರೆಯಾಗಿದ್ದರೆ ಅವರ ಗಳಿಕೆಯೂ ಬೇರೆ. ಲಂಡನ್ನಿನ ಹೀಥ್ರೂವಿನಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ ಸುಮಾರು 3,450 ಮೈಲು. ಒಂದು ಅಕ್ಷರಕ್ಕೆ ಶೇ. 100ರಷ್ಟು ಗಳಿಕೆ ಇದೆಯೆನ್ನಿ, ಹೋಗಿಬಂದರೆ 6,900 ಮೈಲು. ಇನ್ನೊಂದು ಅಕ್ಷರಕ್ಕೆ ಶೇ. 25 ಮಾತ್ರ ಇದ್ದರೆ ಅದೇ ಪ್ರಯಾಣಕ್ಕೆ 1,725. ತೀರ ಅಗ್ಗದ ಟಿಕೆಟ್ಟುಗಳ ಅಕ್ಷರಕ್ಕೆ ಸೊನ್ನೆಯೂ ಇರಬಹುದು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ, ನೀವು ಆರಿಸಿದ ಯೋಜನೆಯ ಜಾಲತಾಣದಲ್ಲಿ ಪಾಲುದಾರರ ಪುಟಕ್ಕೆ ಹೋಗಿ, ಆ ಸಂಸ್ಥೆಯ ಆ ಅಕ್ಷರಕ್ಕೆ ಎಷ್ಟು ಪ್ರಮಾಣವೆಂದು ನೋಡಿಕೊಳ್ಳಿ. ಒಂದೇ ವಿಮಾನಕ್ಕೆ ಒಂದು ಯೋಜನೆಯಲ್ಲಿ ಸೊನ್ನೆ, ಅದೇ ಕೂಟದ ಇನ್ನೊಂದರಲ್ಲಿ ಶೇ. 50 ಇರುವುದೂ ಉಂಟು.

ಇನ್ನೊಂದು ಸೂಕ್ಷ್ಮವಿದೆ. ಇ-ಟಿಕೆಟ್ಟಿನ ಸಂಖ್ಯೆಯಲ್ಲಿ 13 ಅಂಕಿಗಳಿರುತ್ತವೆ. ಮೊದಲ ಮೂರು ಅಂಕಿಗಳು ಟಿಕೆಟ್ ನೀಡಿದ ಸಂಸ್ಥೆ ಯಾವುದೆಂದು ಹೇಳುತ್ತವೆ. 016 ಎಂದಿದ್ದರೆ ಯುನೈಟೆಡ್, 220 ಲುಫ್ತಾನ್ಸಾ, 125 ಬ್ರಿಟಿಷ್ ಏರ್‌ವೇಸ್, 618 ಸಿಂಗಾಪುರ್ ಏರ್‌ಲೈನ್ಸ್. ಯುನೈಟೆಡ್ ಖಾತೆಗೆ ಮೈಲು ಹಾಕಿಸುವವರು 016ರ ಟಿಕೆಟ್ಟಿನಲ್ಲಿ ಲುಫ್ತಾನ್ಸಾ ವಿಮಾನ ಹತ್ತಿದರೆ ಹಣದ ಲೆಕ್ಕ, 220ರ ಟಿಕೆಟ್ಟಿನಲ್ಲಿ ಹತ್ತಿದರೆ ದೂರದ ಲೆಕ್ಕ. ದೀರ್ಘ ದೂರದ ಅಗ್ಗದ ಬಿಸಿನೆಸ್ ಕ್ಲಾಸ್ ಟಿಕೆಟ್ಟುಗಳಲ್ಲಿ ಇವೆರಡರ ನಡುವಿನ ಅಂತರ ಸಾವಿರಾರು ಮೈಲುಗಳಾಗಬಹುದು.

ಬುಕಿಂಗ್ ಮಾಡುವಾಗಲೇ ಸದಸ್ಯತ್ವ ಸಂಖ್ಯೆಯನ್ನು ಸೇರಿಸಿ, ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ಅದರ ಮೇಲೆ ಸಂಖ್ಯೆ ಮುದ್ರಿತವಾಗಿದೆಯೇ ಎಂದು ನೋಡಿ. ಮೈಲು ಖಾತೆಗೆ ಬರುವ ತನಕ ಬೋರ್ಡಿಂಗ್ ಪಾಸ್ ಮತ್ತು ಟಿಕೆಟ್ಟಿನ ಪ್ರತಿಯನ್ನು ಎಸೆಯಬೇಡಿ. ಹಾರಿ ಎರಡು ಮೂರು ವಾರವಾದರೂ ಬರದಿದ್ದರೆ ಯೋಜನೆಯ ಜಾಲತಾಣದಲ್ಲಿ ಬಿಟ್ಟುಹೋದ ಮೈಲುಗಳ ಅರ್ಜಿ ಹಾಕಬೇಕು. ಅದಕ್ಕೂ ಗಡುವಿರುತ್ತದೆ, ಹಲವೆಡೆ ಆರರಿಂದ ಹನ್ನೆರಡು ತಿಂಗಳು.

ಖಾತೆಯಲ್ಲಿ ಎರಡು ಬಗೆಯ ಅಂಕಗಳು ಕಾಣಿಸುತ್ತವೆ, ಗೊಂದಲ ಬೇಡ. ಟಿಕೆಟ್ಟಿಗಾಗಿ ಖರ್ಚು ಮಾಡುವ ಮೈಲುಗಳು ಒಂದು, ಬೆಳ್ಳಿ ಬಂಗಾರವೆಂಬ ದರ್ಜೆಗೆ ಎಣಿಕೆಯಾಗುವ ಅಂಕಗಳು ಇನ್ನೊಂದು. ಎರಡನೆಯದು ಲೌಂಜ್ ಪ್ರವೇಶ, ಹೆಚ್ಚುವರಿ ಲಗೇಜು ಇತ್ಯಾದಿಗಳಿಗೆ. ಅದನ್ನು ಖರ್ಚು ಮಾಡಲಾಗದು. ವರ್ಷಕ್ಕೆ ಒಂದೆರಡು ಬಾರಿ ಹಾರುವವರು ದರ್ಜೆಯ ಬೆನ್ನುಹತ್ತಿ ಹೆಚ್ಚಿನ ದರ ಕೊಡುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯಾಪಾರ.

ನೆಲದ ಮೇಲಿನ ಗಳಿಕೆ

ಇಂದು ಮೈಲುಗಳ ದೊಡ್ಡ ಪಾಲು ಆಕಾಶದಲ್ಲಿ ಹುಟ್ಟುವುದಿಲ್ಲ. ಕ್ರೆಡಿಟ್ ಕಾರ್ಡ್, ಹೋಟೆಲ್, ಬಾಡಿಗೆ ಕಾರು, ಆನ್‌ಲೈನ್ ಖರೀದಿಗಳಿಂದ ಹುಟ್ಟುತ್ತದೆ. ಕಾರ್ಡುಗಳಲ್ಲಿ ನೇರವಾಗಿ ಒಂದೇ ವಿಮಾನ ಸಂಸ್ಥೆಗೆ ಮೈಲು ಕೊಡುವವು ಒಂದು ಜಾತಿ; ಬ್ಯಾಂಕಿನ ಪಾಯಿಂಟುಗಳನ್ನು ಕೊಟ್ಟು, ಅನಂತರ ಬೇಕಾದ ಯೋಜನೆಗೆ ವರ್ಗಾಯಿಸಲು ಬಿಡುವವು ಇನ್ನೊಂದು. ಎರಡನೆಯದು ಮೇಲು. ಸಂಸ್ಥೆಯೊಂದು ರಾತ್ರೋರಾತ್ರಿ ದರ ಏರಿಸಿದರೆ ಬ್ಯಾಂಕಿನಲ್ಲಿರುವ ಪಾಯಿಂಟುಗಳು ಬೇರೆ ದಾರಿ ಹಿಡಿಯಬಹುದು, ಖಾತೆಗೆ ಹೋದ ಮೈಲುಗಳಿಗೆ ಆ ಭಾಗ್ಯವಿಲ್ಲ. ವರ್ಗಾವಣೆಯ ಅನುಪಾತವನ್ನೂ ನೋಡಿ: ಮ್ಯಾರಿಯಟ್ ಹೋಟೆಲ್ ಸಮೂಹದ ಬಾನ್‌ವಾಯ್ ಪಾಯಿಂಟುಗಳಲ್ಲಿ ಬಹುತೇಕ ಸಂಸ್ಥೆಗಳಿಗೆ ಮೂರಕ್ಕೆ ಒಂದರ ಲೆಕ್ಕ. ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರ: ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಕಟ್ಟಲಾಗದವರು ಈ ದಾರಿಗೆ ಬರಲೇಬಾರದು. ಕಾರ್ಡಿನ ಬಡ್ಡಿಯ ಮುಂದೆ ಯಾವ ಮೈಲೂ ನಿಲ್ಲುವುದಿಲ್ಲ.

ಸಂಸ್ಥೆಗಳೇ ಮೈಲುಗಳನ್ನು ಹಣಕ್ಕೆ ಮಾರುತ್ತವೆ. ನಿಮ್ಮ ಟಿಕೆಟ್ಟಿಗೆ ಎರಡು ಮೂರು ಸಾವಿರ ಮಾತ್ರ ಕಡಿಮೆ ಬಿದ್ದಾಗ ಕೊಳ್ಳುವುದರಲ್ಲಿ ಅರ್ಥವಿದೆ. ಎಂದಾದರೂ ಬೇಕಾದೀತೆಂದು ಕೊಂಡಿಡುವುದರಲ್ಲಿ ಇಲ್ಲ. ಬೇರೆ ವ್ಯಕ್ತಿಗಳಿಂದ ಮೈಲು ಕೊಳ್ಳುವುದಂತೂ ನಿಯಮಬಾಹಿರ. ಸಿಕ್ಕಿಬಿದ್ದರೆ ಖಾತೆಯೂ ಹೋಗುತ್ತದೆ, ಟಿಕೆಟ್ಟೂ ಹೋಗುತ್ತದೆ.

ಒಂದು ಮೈಲಿನ ಬೆಲೆ

ಖರ್ಚು ಮಾಡುವ ಮೊದಲು ಒಂದು ಸಣ್ಣ ಭಾಗಾಕಾರ ಮಾಡಲೇಬೇಕು. ಟಿಕೆಟ್ಟಿನ ನಗದು ದರದಿಂದ, ಅವಾರ್ಡ್ ಟಿಕೆಟ್ಟಿಗೆ, ಅಂದರೆ ಮೈಲು ಕೊಟ್ಟು ಪಡೆಯುವ ಟಿಕೆಟ್ಟಿಗೆ, ನೀವು ಕೈಯಿಂದ ಕಟ್ಟಬೇಕಾದ ತೆರಿಗೆ ಮತ್ತು ಶುಲ್ಕವನ್ನು ಕಳೆದು, ಉಳಿದದ್ದನ್ನು ಬೇಕಾದ ಮೈಲುಗಳಿಂದ ಭಾಗಿಸಿ. ಎಕಾನಮಿ ಟಿಕೆಟ್ಟಿನ ದರ 620 ಡಾಲರ್, ಅದೇ ಸೀಟಿಗೆ 40,000 ಮೈಲು ಮತ್ತು 180 ಡಾಲರ್ ತೆರಿಗೆ ಎಂದಿಟ್ಟುಕೊಳ್ಳಿ. 440 ಡಾಲರನ್ನು 40,000ದಿಂದ ಭಾಗಿಸಿದರೆ ಮೈಲಿಗೊಂದಕ್ಕೆ 1.1 ಸೆಂಟ್. ಅದೇ ದಾರಿಯ ಬಿಸಿನೆಸ್ ಕ್ಲಾಸ್ ದರ 2,900 ಡಾಲರ್, ಅವಾರ್ಡ್ ಆದರೆ 75,000 ಮೈಲು ಮತ್ತು 350 ಡಾಲರ್ ಎಂದಾದರೆ 3.4 ಸೆಂಟ್. ಇದನ್ನು ನೋಡಿ ಮೈಲು ಖರ್ಚು ಮಾಡಬೇಕಾದದ್ದು ಬಿಸಿನೆಸ್ ಕ್ಲಾಸಿಗೇ ಎಂದು ಅನೇಕರು ತೀರ್ಪು ಕೊಡುತ್ತಾರೆ. ಈ ತೀರ್ಪಿನಲ್ಲಿ ಒಂದು ಆತ್ಮವಂಚನೆ ಅಡಗಿದೆ: ಆ 2,900 ಡಾಲರನ್ನು ಕೈಯಿಂದ ಕೊಟ್ಟು ನೀವು ಎಂದೂ ಹೋಗುತ್ತಿರಲಿಲ್ಲವಾದರೆ, ಉಳಿತಾಯವೆಂದು ಎಣಿಸುವ ಹಕ್ಕೂ ಇಲ್ಲ. ನಿಮಗೆ ಆ ಸೀಟಿಗೆ ಪ್ರಾಮಾಣಿಕವಾಗಿ ಎಷ್ಟು ಕೊಡಬೇಕೆನಿಸುತ್ತದೋ ಆ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಿರಿ. ನಾಲ್ಕು ಜನರ ಕುಟುಂಬಕ್ಕೆ ರಜೆಯ ದಿನಗಳಲ್ಲಿ, ನಗದು ದರ ಗಗನಕ್ಕೇರಿದಾಗ ಸಿಗುವ ಎಕಾನಮಿ ಸೀಟುಗಳು ಒಬ್ಬರ ಬಿಸಿನೆಸ್ ಸೀಟಿಗಿಂತ ಎಷ್ಟೋ ಸಲ ಹೆಚ್ಚು ಬೆಲೆಬಾಳುತ್ತವೆ. ಮಿಕ್ಸರ್, ಸೂಟ್‌ಕೇಸ್, ಗಿಫ್ಟ್ ಕಾರ್ಡುಗಳಿಗೆ ಮೈಲು ಕೊಡುವುದು ಬಹುಮಟ್ಟಿಗೆ ಅತಿ ಕಡಿಮೆ ಬೆಲೆಯ ವಿನಿಮಯ.

ಸೀಟು ಹುಡುಕುವ ಕ್ರಮ

ಮೈಲು ಇದ್ದರೆ ಸೀಟು ಸಿಕ್ಕಿತೆಂದಲ್ಲ. ಪ್ರತಿ ವಿಮಾನದಲ್ಲಿ ಕೆಲವೇ ಸೀಟುಗಳನ್ನು ಸಂಸ್ಥೆ ಕಡಿಮೆ ಮೈಲುಗಳ ಅವಾರ್ಡ್‌ಗೆಂದು ತೆರೆಯುತ್ತದೆ, ಅವುಗಳಲ್ಲೂ ಕೆಲವನ್ನು ಮಾತ್ರ ಪಾಲುದಾರರಿಗೆ ಬಿಡುತ್ತದೆ. ಸಿಂಗಾಪುರ್ ಏರ್‌ಲೈನ್ಸ್ ತನ್ನ ದೂರದ ಮಾರ್ಗಗಳ ಬಿಸಿನೆಸ್ ಸೀಟುಗಳನ್ನು ಬಹುಪಾಲು ತನ್ನ ಸದಸ್ಯರಿಗೇ ಕಾದಿಡುತ್ತದೆ. ಸೀಟುಗಳು ತೆರೆಯುವ ಕಾಲ ಎರಡು: ವೇಳಾಪಟ್ಟಿ ಬಿಡುಗಡೆಯಾಗುವ ಹೊತ್ತು, ಅಂದರೆ ಸಂಸ್ಥೆಗೆ ತಕ್ಕಂತೆ ಸುಮಾರು 330ರಿಂದ 360 ದಿನಗಳ ಮುಂಚೆ, ಮತ್ತು ಮಾರಾಟವಾಗದೆ ಉಳಿದ ಸೀಟುಗಳನ್ನು ಬಿಡುವ ಕೊನೆಯ ಎರಡು ವಾರ. ನಡುವಿನ ತಿಂಗಳುಗಳಲ್ಲಿ ಹುಡುಕಿ ನಿರಾಶರಾಗುವವರೇ ಹೆಚ್ಚು.

ಹುಡುಕುವಾಗ ಮೊದಲು ಒಂದೇ ಸೀಟಿಗೆ ನೋಡಿ. ನಾಲ್ಕು ಜನಕ್ಕೆಂದು ಕೇಳಿದರೆ ಮೂರು ಸೀಟು ಇರುವ ವಿಮಾನವೂ ಕಾಣಿಸದೆ ಹೋಗಬಹುದು. ಒಂದಕ್ಕೆ ಸಿಕ್ಕಿದ ಮೇಲೆ ಸಂಖ್ಯೆಯನ್ನು ಏರಿಸುತ್ತ ಹೋಗಿ. ಇಡೀ ದಾರಿಗೆ ಏನೂ ಸಿಗದಿದ್ದರೆ ಸಮುದ್ರ ದಾಟುವ ದೊಡ್ಡ ಹಾರಾಟವನ್ನಷ್ಟೇ ಹುಡುಕಿ. ಅದು ಸಿಕ್ಕರೆ ಅದರ ಎರಡೂ ತುದಿಗಳ ಸಣ್ಣ ಹಾರಾಟಗಳನ್ನು ಜೋಡಿಸುವುದು, ಬೇಕಾದರೆ ನಗದು ಕೊಟ್ಟು ಕೊಳ್ಳುವುದು ಸುಲಭ. ಬೇರೆ ಬೇರೆ ಟಿಕೆಟ್ಟುಗಳನ್ನು ಕೊಂಡಾಗ ನಡುವೆ ಸಾಕಷ್ಟು ಬಿಡುವಿರಲಿ, ಏಕೆಂದರೆ ಮೊದಲ ವಿಮಾನ ತಡವಾದರೆ ಎರಡನೆಯ ಸಂಸ್ಥೆಗೆ ನಿಮ್ಮನ್ನು ಕಾಯುವ ಬಾಧ್ಯತೆ ಇಲ್ಲ. ಸ್ಟಾರ್ ಅಲಯನ್ಸ್ ಸೀಟುಗಳಿಗೆ ಯುನೈಟೆಡ್ ಅಥವಾ ಏರ್ ಕೆನಡಾದ ಜಾಲತಾಣ, ಒನ್‌ವರ್ಲ್ಡ್‌ಗೆ ಅಮೆರಿಕನ್ ಅಥವಾ ಬ್ರಿಟಿಷ್ ಏರ್‌ವೇಸ್, ಸ್ಕೈಟೀಮ್‌ಗೆ ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂಗಳ ಫ್ಲೈಯಿಂಗ್ ಬ್ಲೂ ಉಪಯುಕ್ತ. ನೀವು ಯಾವ ಮೈಲು ಖರ್ಚು ಮಾಡಿದರೂ ಹುಡುಕಾಟವನ್ನು ಇಲ್ಲಿ ಮಾಡಬಹುದು.

ಬ್ಯಾಂಕಿನ ಪಾಯಿಂಟುಗಳನ್ನು ವರ್ಗಾಯಿಸುವುದು ಕೊನೆಯ ಹೆಜ್ಜೆ, ಮೊದಲನೆಯದಲ್ಲ. ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಒಂದು ಜಾಲತಾಣದಲ್ಲಿ ಎರಡು ಬಿಸಿನೆಸ್ ಸೀಟುಗಳು ಕಂಡವೆಂದು ಸಂಭ್ರಮದಿಂದ ಪಾಯಿಂಟುಗಳನ್ನೆಲ್ಲ ಆ ಯೋಜನೆಗೆ ಕಳುಹಿಸಿದೆ. ಮೂರು ದಿನಗಳಾದ ಮೇಲೆ ಅವು ಖಾತೆಗೆ ಬಂದವು. ಟಿಕೆಟ್ ಮಾಡಲು ಹೋದರೆ ಕೊನೆಯ ಪುಟದಲ್ಲಿ ದೋಷವೆಂಬ ಸಂದೇಶ. ಫೋನ್ ಮಾಡಿದಾಗ, ಆ ಸೀಟುಗಳು ಪರದೆಯ ಮೇಲೆ ಮಾತ್ರ ಇವೆ, ವಿಮಾನದ ಸಂಸ್ಥೆಯ ಬಳಿ ಇಲ್ಲ ಎಂದರು. ಇಂಥವನ್ನು ಈ ಹವ್ಯಾಸದವರು ಭೂತ ಸೀಟುಗಳೆನ್ನುತ್ತಾರೆ. ವರ್ಗಾವಣೆ ಹಿಂತಿರುಗುವುದಿಲ್ಲವಾದ್ದರಿಂದ ಆ ಮೈಲುಗಳು ಎರಡು ವರ್ಷ ಅಲ್ಲೇ ಕೊಳೆತವು. ಅಂದಿನಿಂದ ಅದೇ ಸೀಟು ಅದೇ ಕೂಟದ ಇನ್ನೊಂದು ಜಾಲತಾಣದಲ್ಲೂ ಕಾಣುತ್ತಿದೆಯೇ ಎಂದು ನೋಡದೆ, ಹಣ ಕಟ್ಟುವ ಪುಟದವರೆಗೆ ಹೋಗಿ ಪರೀಕ್ಷಿಸದೆ, ವರ್ಗಾವಣೆಯ ಗುಂಡಿ ಒತ್ತುವುದಿಲ್ಲ. ಕೆಲವು ಯೋಜನೆಗಳು ಫೋನಿನಲ್ಲಿ ಕೇಳಿದರೆ ಸೀಟನ್ನು ಒಂದೆರಡು ದಿನ ಹಿಡಿದಿಡುತ್ತವೆ. ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ದಾರಿಯಲ್ಲಿ ಇನ್ನೊಂದು ಊರನ್ನೂ ನೋಡುವ ಆಸೆಯಿದ್ದರೆ ಸ್ಟಾಪ್‌ಓವರ್ ನಿಯಮಗಳನ್ನು ಓದಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ 24 ಗಂಟೆ ಮೀರಿದ ತಂಗುವಿಕೆಯನ್ನು ಸ್ಟಾಪ್‌ಓವರ್ ಎನ್ನುತ್ತಾರೆ. ಏರೋಪ್ಲಾನ್‌ನಲ್ಲಿ 5,000 ಪಾಯಿಂಟ್ ಹೆಚ್ಚು ಕೊಟ್ಟರೆ ಒಂದು ಕಡೆಯ ಪ್ರಯಾಣದಲ್ಲೂ ಇದಕ್ಕೆ ಅವಕಾಶವಿದೆ.

ಅದೇ ಸೀಟು, ಬೇರೆ ಬಿಲ್ಲು

ಅವಾರ್ಡ್ ಟಿಕೆಟ್ ಉಚಿತವೆಂದು ನಂಬಿದವರಿಗೆ ಕೊನೆಯ ಪುಟದಲ್ಲಿ ಆಘಾತ ಕಾದಿರುತ್ತದೆ. ಅಲ್ಲಿ ಎರಡು ಬಗೆಯ ಮೊತ್ತಗಳಿವೆ. ಸರ್ಕಾರ ಮತ್ತು ವಿಮಾನ ನಿಲ್ದಾಣದ ತೆರಿಗೆಗಳು ಒಂದು. ಇವುಗಳಿಂದ ತಪ್ಪಿಸಿಕೊಳ್ಳಲಾಗದು, ದಾರಿ ಬದಲಿಸಬಹುದಷ್ಟೆ. ಬ್ರಿಟನ್ನಿನಿಂದ ಹೊರಡುವ ಪ್ರಯಾಣಿಕರ ಮೇಲೆ ಅಲ್ಲಿನ ಸರ್ಕಾರ ಹಾಕುವ ತೆರಿಗೆ ಬಿಸಿನೆಸ್ ಕ್ಲಾಸಿಗೆ ದುಬಾರಿ. ಅಲ್ಲಿಗೆ ಬಂದಿಳಿಯುವವರಿಗೆ ಅದು ಇಲ್ಲ. ಇನ್ನೊಂದು, ಇಂಧನದ ಹೆಸರಿನಲ್ಲಿ ಸಂಸ್ಥೆಯೇ ವಿಧಿಸುವ ಸರ್ಚಾರ್ಜ್. ಇದನ್ನು ವಸೂಲಿ ಮಾಡಬೇಕೇ ಬೇಡವೇ ಎಂಬುದು ನೀವು ಮೈಲು ಕೊಡುವ ಯೋಜನೆಯ ನೀತಿ. ಲುಫ್ತಾನ್ಸಾದ ಒಂದು ಬಿಸಿನೆಸ್ ಸೀಟನ್ನು ಅದರದೇ ಮೈಲ್ಸ್ ಅಂಡ್ ಮೋರ್ ಯೋಜನೆಯಲ್ಲಿ ಪಡೆದರೆ ಸರ್ಚಾರ್ಜ್ ಕಟ್ಟಬೇಕು. ಅದೇ ವಿಮಾನದ ಅದೇ ಸೀಟನ್ನು ಯುನೈಟೆಡ್ ಅಥವಾ ಏರೋಪ್ಲಾನ್ ಮೂಲಕ ಪಡೆದರೆ ಆ ಸರ್ಚಾರ್ಜ್ ಇಲ್ಲ, ಮೈಲುಗಳ ಸಂಖ್ಯೆ ಮಾತ್ರ ಬೇರೆ. ಯೋಜನೆ ಆರಿಸುವ ದಿನವೇ ಇದನ್ನೂ ತೂಗಿ ನೋಡಬೇಕು. ಮೈಲುಗಳ ದರಪಟ್ಟಿಯನ್ನಷ್ಟೇ ನೋಡಿ ಅಗ್ಗವೆಂದುಕೊಂಡವರು ಮೋಸಹೋಗುವುದು ಇಲ್ಲೇ.

ಟಿಕೆಟ್ ಆದ ಮೇಲೆ

ಪಾಲುದಾರ ಸಂಸ್ಥೆಯ ವಿಮಾನವಾದರೆ ನಿಮ್ಮ ಯೋಜನೆ ಕೊಡುವ ಬುಕಿಂಗ್ ಸಂಕೇತವಲ್ಲದೆ, ವಿಮಾನ ಹಾರಿಸುವ ಸಂಸ್ಥೆಯದೇ ಇನ್ನೊಂದು ಆರು ಅಕ್ಷರಗಳ ಸಂಕೇತ ಇರುತ್ತದೆ. ಅದನ್ನು ಕೇಳಿ ಪಡೆದು, ಆ ಸಂಸ್ಥೆಯ ಜಾಲತಾಣದಲ್ಲಿ ಸೀಟು, ಊಟದ ಆಯ್ಕೆ ಮಾಡಿಕೊಳ್ಳಿ. 13 ಅಂಕಿಗಳ ಟಿಕೆಟ್ ಸಂಖ್ಯೆ ಬಂದಿದೆಯೇ ಎಂದೂ ನೋಡಿ. ಬುಕಿಂಗ್ ಸಂಕೇತವಿದ್ದು ಟಿಕೆಟ್ ಸಂಖ್ಯೆ ಇಲ್ಲದಿದ್ದರೆ ಸೀಟು ಇನ್ನೂ ನಿಮ್ಮದಾಗಿಲ್ಲ. ಬಹಳ ತಿಂಗಳು ಮುಂಚೆ ಮಾಡಿದ ಟಿಕೆಟ್ಟುಗಳಲ್ಲಿ ವಿಮಾನದ ವೇಳೆ ಬದಲಾಗುವುದು ಸಾಮಾನ್ಯವಾದ್ದರಿಂದ ತಿಂಗಳಿಗೊಮ್ಮೆ ತೆರೆದು ನೋಡುತ್ತಿರಿ. ವೇಳೆ ಗಣನೀಯವಾಗಿ ಬದಲಾಗಿದ್ದರೆ ದಂಡವಿಲ್ಲದೆ ಬೇರೆ ವಿಮಾನ ಕೇಳುವ ಅವಕಾಶ ಸಿಗುವುದುಂಟು.

ಹೋಗಲಾಗದಿದ್ದರೆ ವಿಮಾನ ಹೊರಡುವ ಮೊದಲೇ ರದ್ದು ಮಾಡಿ. ಸುಮ್ಮನೆ ಹಾಜರಾಗದೆ ಉಳಿದರೆ ಮೈಲುಗಳೂ ತೆರಿಗೆಯೂ ಕೈಬಿಟ್ಟುಹೋಗುವ ಸಾಧ್ಯತೆ ಹೆಚ್ಚು, ಹೋಗುವ ಕಡೆಯ ಹಾರಾಟ ತಪ್ಪಿಸಿದರೆ ಅದೇ ಟಿಕೆಟ್ಟಿನ ಹಿಂತಿರುಗುವ ಹಾರಾಟವೂ ರದ್ದಾಗುತ್ತದೆ. ರದ್ದು ಮಾಡುವ ಮುನ್ನ ಆ ಟಿಕೆಟ್ಟಿಗೆ ಬಳಸಿದ ಮೈಲುಗಳ ಮೂಲ ಅವಧಿ ಯಾವಾಗ ಮುಗಿಯುವುದಿತ್ತು ಎಂಬುದನ್ನು ಖಾತೆಯಲ್ಲಿ ನೋಡಿಕೊಳ್ಳಿ. ಅವಧಿ ಆಗಲೇ ಮುಗಿದಿದ್ದರೆ ಕೆಲವು ಯೋಜನೆಗಳು ಮೈಲುಗಳನ್ನು ಹಿಂತಿರುಗಿಸುವುದಿಲ್ಲ. ಅಂಥ ಸಂದರ್ಭದಲ್ಲಿ ಟಿಕೆಟ್ ರದ್ದು ಮಾಡುವ ಬದಲು, ನಿಯಮ ಅವಕಾಶ ಕೊಟ್ಟರೆ, ದಿನಾಂಕವನ್ನು ಮುಂದೂಡಿಕೊಳ್ಳುವುದು ಲೇಸು.